ಹೋದ ಸಲ ಗೆದ್ದ ಕುದುರೆಯನ್ನೇ ಹಿಡಿಯಬೇಕಾ?

ಹುಬ್ಬಳ್ಳಿಯಿಂದ ಮೊದಲ ಸಲ ಬೆಂಗಳೂರು ರೇಸಿಗೆ ಹೊರಟಿದ್ದೀರಿ, 1200 ಮೀಟರ್ ಹ್ಯಾಂಡಿಕ್ಯಾಪ್‌ನಲ್ಲಿ (ಚೆನ್ನಾಗಿ ಓಡುವ ಕುದುರೆಗೆ ಹೆಚ್ಚು ಭಾರ ಹೊರಿಸಿ ಸಮ ಮಾಡುವ ಓಟ) ಹೋದ ಸಲ ಗೆದ್ದ ಕುದುರೆಗೇ ದುಡ್ಡು ಹಾಕಲಾ ಅಂತ ಕೇಳಿದ್ದೀರಿ. ಸುಮ್ನೆ ಹಾಕಬೇಡಿ ಸರ್. ಗೆದ್ದರೆ ರೇಟಿಂಗ್, ಅಂದರೆ ಕುದುರೆಯ ಸಾಮರ್ಥ್ಯಕ್ಕೆ ಕೊಡುವ ಅಂಕ, ಏರುತ್ತದೆ, ಬೆನ್ನ ಮೇಲಿನ ಭಾರವೂ ಏರುತ್ತದೆ. 52 ಕೆಜಿ ಹೊತ್ತು ಕೂದಲೆಳೆಯಲ್ಲಿ ಗೆದ್ದದ್ದು ಈಗ 57 ಹೊತ್ತರೆ ಲೆಕ್ಕವೇ ಬೇರೆ, ಅಲ್ವಾ? ಸಲೀಸಾಗಿ ಗೆದ್ದಿದ್ದರೆ ಮಾತ್ರ ಬಿಡಬೇಡಿ.

ನನಗೆ ಜಾಸ್ತಿ ಆಸೆ ಹುಟ್ಟಿಸೋದು 1400 ಮೀಟರ್‌ನಲ್ಲಿ 1200ರ ತನಕ ಮುಂದಿದ್ದು, ಕಡೇ 200 ಮೀಟರ್‌ನಲ್ಲಿ ಸೋತು, ಈಗ 1200ಕ್ಕೆ ಇಳಿದ ಕುದುರೆ. ಮಳೆ ಬಿದ್ದಿದ್ದರೆ ಮೆತ್ತನೆ ಟ್ರ್ಯಾಕಿನ ಹಳೇ ಓಟ ನೋಡಿ. ಓಟಕ್ಕೆ ಮುಂಚೆ ಕುದುರೆಗಳನ್ನು ನಡೆಸಿ ತೋರಿಸುವ ಪ್ಯಾಡಕ್‌ನಲ್ಲೇ ಬೆವರಿ, ತೊಡೆ ಸಂದಿಯಲ್ಲಿ ನೊರೆ ಕಟ್ಟಿದ್ದನ್ನು ನಾನಂತೂ ಮುಟ್ಟಲ್ಲ.

ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಇಳಿದ ಮೇಲೆ ಯಾವ ಕುದುರೆ ಓಡುತ್ತಿಲ್ಲ ಅಂತ ಮತ್ತೊಮ್ಮೆ ವಿಚಾರಿಸಿ. ವಾಪಸ್ ಟಿಕೆಟ್ ಮಾತ್ರ ಈಗಲೇ ಮಾಡಿಸಿಬಿಡಿ!