ತುಪ್ಪ ಬಿಡಬೇಕಾ, ಆಲಿವ್ ಎಣ್ಣೆ ಕೊಳ್ಳಬೇಕಾ?

ಪ್ರಶ್ನೆ: ನನಗೆ 33 ವರ್ಷ. ಮುಂದಿನ ತಿಂಗಳು ಐವಿಎಫ್ (ಪ್ರನಾಳ ಶಿಶು) ಚಿಕಿತ್ಸೆ ಶುರು. ಅತ್ತೆ ದಿನಾ ಅನ್ನಕ್ಕೆ ಮೂರು ನಾಲ್ಕು ಚಮಚ ತುಪ್ಪ ಸುರಿಯುತ್ತಾರೆ, ಗರ್ಭ ನಿಲ್ಲುತ್ತದಂತೆ. ನಾದಿನಿ ವಾಟ್ಸಾಪಿನಲ್ಲಿ ಕಳಿಸಿದ್ದು ಬೇರೆ: ಬೆಣ್ಣೆಹಣ್ಣು, ಆಲಿವ್ ಎಣ್ಣೆ ತಿಂದರೆ ಐವಿಎಫ್ ಮೂರು ಪಟ್ಟು ಫಲ ಕೊಡುತ್ತದೆ ಅಂತ. ಯಾರ ಮಾತು ಕೇಳಲಿ?
– ಹೆಸರು ಬೇಡ, ತುಮಕೂರು

ಉತ್ತರ: ಮೊದಲು ಆ ಮೂರು ಪಟ್ಟಿನ ಕಥೆ ಹೇಳ್ತೀನಿ. ಅದು ಪೂರ್ತಿ ಬುರುಡೆಯಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಬಂದಿದ್ದ 147 ಹೆಂಗಸರ ಊಟ ತಿಂಡಿ ವಿಚಾರಿಸಿ, ಹಾರ್ವರ್ಡ್‌ನ ಹೋರ್ಹೆ ಚವಾರೊ ಅವರ ತಂಡ 2012ರಲ್ಲಿ ಇಸ್ತಾಂಬುಲ್ ಸಮ್ಮೇಳನದಲ್ಲಿ ಹೇಳಿದ್ದು ಅದು. ಮೋನೋ ಅನ್‌ಸ್ಯಾಚುರೇಟೆಡ್ ಕೊಬ್ಬನ್ನು, ಅಂದರೆ ಆಲಿವ್ ಎಣ್ಣೆ, ಬೆಣ್ಣೆಹಣ್ಣಿನಲ್ಲಿ ಹೆಚ್ಚಿರುವ ಜಾತಿಯದ್ದನ್ನು, ಅತಿ ಹೆಚ್ಚು ತಿನ್ನುತ್ತಿದ್ದವರಲ್ಲಿ ಮಗು ಹುಟ್ಟುವ ಸಾಧ್ಯತೆ, ಅತಿ ಕಡಿಮೆ ತಿನ್ನುವವರಿಗಿಂತ 3.4 ಪಟ್ಟು ಇತ್ತು. ಸ್ಯಾಚುರೇಟೆಡ್ ಕೊಬ್ಬು, ಅಂದರೆ ಬೆಣ್ಣೆ ತುಪ್ಪದ ಜಾತಿಯದ್ದು, ಜಾಸ್ತಿ ತಿಂದವರಲ್ಲಿ ಬಲಿತ ಅಂಡಗಳು ಕಡಿಮೆ ಸಿಕ್ಕಿದ್ದವು.

ಆದರೆ 147 ಜನ ಅಂದರೆ ಬಹಳ ಸಣ್ಣ ಲೆಕ್ಕ. ಒಳ್ಳೆ ಎಣ್ಣೆ ತಿನ್ನುವವರು ತರಕಾರಿ, ವ್ಯಾಯಾಮ, ನಿದ್ದೆ ಎಲ್ಲದರಲ್ಲೂ ಸ್ವಲ್ಪ ಜೋಪಾನವಾಗಿಯೇ ಇರುತ್ತಾರೆ, ಹಾಗಾಗಿ ಫಲ ಕೊಟ್ಟಿದ್ದು ಎಣ್ಣೆಯೇ ಅಂತ ಅಷ್ಟರಿಂದ ಹೇಳೋಕಾಗಲ್ಲ. ಅಲ್ಲ, ನಿಮ್ಮ ಡಾಕ್ಟರು ಫಲ ಸಿಗುವ ಸಾಧ್ಯತೆ ನೂರಕ್ಕೆ 35 ಅಂದರೆ, ಬೆಣ್ಣೆಹಣ್ಣು ತಿಂದು ಅದನ್ನು 105 ಮಾಡೋಕಾಗುತ್ತಾ? ವಯಸ್ಸು, ಅಂಡಗಳ ಸಂಖ್ಯೆ, ಭ್ರೂಣದ ಗುಣ, ಇವೇ ದೊಡ್ಡ ವಿಷಯಗಳು. ಊಟ ಅವುಗಳ ಹಿಂದೆ ನಿಲ್ಲುತ್ತದೆ.

ಆಲಿವ್ ಎಣ್ಣೆಗೆ ದುಡ್ಡು ಸುರಿಯಬೇಡಿ. ನಮ್ಮ ಕಡಲೆಕಾಯಿ ಎಣ್ಣೆಯಲ್ಲೇ ಹೆಚ್ಚುಕಡಿಮೆ ಅರ್ಧದಷ್ಟು ಮೋನೋ ಕೊಬ್ಬಿದೆ, ಎಳ್ಳೆಣ್ಣೆಯಲ್ಲಿ ನೂರಕ್ಕೆ ಸುಮಾರು 40 ಭಾಗ. ತುಪ್ಪದಲ್ಲಿ ಅರ್ಧಕ್ಕಿಂತ ಜಾಸ್ತಿ ಸ್ಯಾಚುರೇಟೆಡ್, ಒಂದು ಟೀ ಚಮಚಕ್ಕೆ 45 ಕ್ಯಾಲೊರಿ. ಬಿಡೋದೇನೂ ಬೇಡ, ಒಂದು ಚಮಚ ಸಾಕು. ಅತ್ತೆ ಜೊತೆ ಜಗಳಕ್ಕಿಳಿಯದೆ ಬಡಿಸುವ ಚಮಚ ನಿಮ್ಮ ಕೈಗೆ ತಗೊಳ್ಳಿ. ಹಾಗಂತ ಎಣ್ಣೆ ಮುಟ್ಟದೆ ಬರೀ ಬೇಯಿಸಿದ್ದು ತಿನ್ನೋದೂ ತಪ್ಪು, ದೇಹಕ್ಕೆ ಹಾರ್ಮೋನು ಮಾಡೋಕೂ ಕೊಬ್ಬು ಬೇಕು.

ನಿಜವಾಗಿ ಹತ್ತಿರ ಸೇರಿಸಬಾರದ್ದು ಟ್ರಾನ್ಸ್ ಫ್ಯಾಟ್, ಅಂದರೆ ಎಣ್ಣೆಯನ್ನು ವನಸ್ಪತಿಯಂತೆ ಗಟ್ಟಿ ಮಾಡುವಾಗ ಹುಟ್ಟುವ ಕೊಬ್ಬು. ಅಮೆರಿಕದ ನರ್ಸುಗಳ ದೊಡ್ಡ ಅಧ್ಯಯನದಲ್ಲಿ (2007) ಇದು ಜಾಸ್ತಿ ಇದ್ದವರಿಗೆ ಅಂಡ ಬಿಡುಗಡೆಯ ತೊಂದರೆಯಿಂದ ಬರುವ ಬಂಜೆತನ ಹೆಚ್ಚಿತ್ತು. ನಮ್ಮಲ್ಲಿ 2022ರಿಂದ ಎಣ್ಣೆ, ವನಸ್ಪತಿಗಳಲ್ಲಿ ಇದು ನೂರಕ್ಕೆ 2 ಭಾಗ ಮೀರಬಾರದು ಅಂತ ಕಾನೂನಿದೆ, ಒಳ್ಳೆಯದೇ. ಆದರೂ ಕಪ್ಪಗಾಗುವ ತನಕ ಕಾಸಿದ ಎಣ್ಣೆಯಲ್ಲಿ ಕರಿದ ಬೋಂಡಾ, ಬೇಕರಿಯ ಪಫ್ ದಿನಾ ಸಂಜೆ ಬೇಡ. ಮನೆಯಲ್ಲೂ ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಬಾಣಲೆಗೆ ಹಾಕಬೇಡಿ. ಈ ಊಟ ನಿಮ್ಮ ಯಜಮಾನರಿಗೂ ಸೇರಿ, ಮಗುವಿನಲ್ಲಿ ಅರ್ಧ ಪಾಲು ಅವರದ್ದೇ ಅಲ್ವಾ?

ಮೀನು ತಿನ್ನುವವರಾದರೆ ವಾರಕ್ಕೆ ಎರಡು ಸಲ ಬಂಗುಡೆ, ಬೂತಾಯಿ ಸಾರು ಮಾಡಿ, ಒಮೆಗಾ 3 ಅನ್ನೋ ಒಳ್ಳೆ ಕೊಬ್ಬು ಸಿಗುತ್ತದೆ. ಸಸ್ಯಾಹಾರಿಗಳಿಗೆ ಅಗಸೆ ಚಟ್ನಿಪುಡಿ, ಅಕ್ರೋಟ. ಒಮೆಗಾ ಮಾತ್ರೆಯನ್ನು ಮಾತ್ರ ನೀವಾಗಿ ಶುರು ಮಾಡಬೇಡಿ, ಚಿಕಿತ್ಸೆಯ ಔಷಧಿಗಳ ಜೊತೆ ಹೊಂದುತ್ತದಾ ಅಂತ ನಿಮ್ಮ ಡಾಕ್ಟರನ್ನು ಕೇಳಿ. ಅವರು ಬರೆದ ಫೋಲಿಕ್ ಆಸಿಡ್ ತಪ್ಪಿಸಬೇಡಿ.