ಹಾಸನದ ಬಾಕ್ಸಿಂಗ್ ಟೂರ್ನಿ: ಪ್ರಸಾರಕ್ಕೆ ನಾವೇ ದುಡ್ಡು ಕೊಡಬೇಕಾ?

ಹಾಸನದಲ್ಲಿ ನೀವು ನಡೆಸೋ ಬಾಕ್ಸಿಂಗ್ ಟೂರ್ನಿ ತೋರಿಸೋಕೆ ಊರಿನ ಕೇಬಲ್ ಚಾನೆಲ್‌ನವರು ನಿಮ್ಮಿಂದಲೇ ಶುಲ್ಕ ಕೇಳ್ತಿದ್ದಾರೆ, ಇದು ಸರಿಯಾ, ದರ ಜಾಸ್ತಿಯಾ ಅಂತ ಕೇಳಿದ್ದೀರಿ. ಅವರು ಪ್ರಸಾರ ಹಕ್ಕಿಗೆ ಹಣ ಕೊಡೋದಿರಲಿ, ನಿಮ್ಮಿಂದಲೇ ಕೇಳ್ತಿರೋದಕ್ಕೆ ಕಾರಣ ಬಹುಶಃ ರೇಟಿಂಗ್, ಅಂದ್ರೆ ಎಷ್ಟು ಜನ ನೋಡ್ತಾರೆ ಅನ್ನೋ ಲೆಕ್ಕ. ಟಿವಿ ರೇಟಿಂಗ್ ಕೊಡುವ ಸಂಸ್ಥೆ ಬಾರ್ಕ್‌ನ ಮೀಟರ್, ಚಾನೆಲ್‌ನ ಆಡಿಯೋದಲ್ಲಿರುವ ವಾಟರ್‌ಮಾರ್ಕ್ (ಕಿವಿಗೆ ಕೇಳದ ಗುರುತು) ಗುರುತಿಸಿ ಲೆಕ್ಕ ಇಡುತ್ತದೆ. ಊರಿನ ಕೇಬಲ್ ಚಾನೆಲ್‌ನಲ್ಲಿ ಸಾಮಾನ್ಯವಾಗಿ ಅದು ಇರಲ್ಲ. ಅಂಕಿ ಇಲ್ಲದೆ ದೊಡ್ಡ ಕಂಪನಿಗಳ ಜಾಹೀರಾತೂ ಬರಲ್ಲ.

ಮೊದಲು ಜಾಹೀರಾತಿನ ಸಮಯ ನೋಡಿ. 3 ನಿಮಿಷದ 3 ಸುತ್ತು ಅಂದ್ರೆ ನಡುವೆ ಸಿಗೋದು ಒಂದೊಂದು ನಿಮಿಷದ ಎರಡೇ ಬಿಡುವು. ಮೊದಲ ಸುತ್ತಲ್ಲೇ ನಾಕೌಟ್ ಆದರೆ ಅವೆರಡೂ ಹೋದವು! ಅದಕ್ಕೇ ಬಿಡುವನ್ನು ನಂಬಬೇಡಿ. ರಿಂಗ್‌ನ ಹಾಸು, ಬಿಳಿ ಪ್ಯಾಡಿನ ಎರಡು ಮೂಲೆ, ಪರದೆ ಮೇಲಿನ ಸ್ಕೋರ್ ಪಟ್ಟಿ, ಇವಕ್ಕೆ ಪ್ರಾಯೋಜಕರನ್ನು ಹುಡುಕಿ. ಪಂದ್ಯ ಬೇಗ ಮುಗಿದರೂ ಇವು ಕಾಣುತ್ತವೆ. ಟೂರ್ನಿಗೆ ಮಾನ್ಯತೆ ಕೊಟ್ಟ ಸಂಸ್ಥೆಯ ಒಪ್ಪಿಗೆ ಮಾತ್ರ ಮೊದಲೇ ಪಡೆಯಿರಿ. ಆಮೇಲೆ ಬಿ.ಎಂ. ರಸ್ತೆಯ ಬಟ್ಟೆ, ಚಿನ್ನದ ಅಂಗಡಿಯವರನ್ನು ಕೇಳಿ.

ಒಪ್ಪಿದ ಪ್ರಾಯೋಜಕರ ಪಟ್ಟಿ ಹಿಡಿದು ಕೇಬಲ್‌ನವರ ಹತ್ತಿರ ಹೋಗಿ. ಪೂರ್ತಿ ಶುಲ್ಕದ ಬದಲು ಜಾಹೀರಾತಿನ ಹಣದಲ್ಲಿ ಅವರಿಗೆ ಪಾಲು ಅಂತ ಮಾತಾಡಿ. ಯೂಟ್ಯೂಬ್ ಹಕ್ಕು ನಿಮ್ಮದೇ ಅಂತ ಬರೆಸಿಕೊಳ್ಳಿ.

ಅವರ ದರ ಜಾಸ್ತಿಯೋ ಅಂತ ಕ್ಯಾಮೆರಾ ಎಷ್ಟೆಂದು ತಿಳಿಯದೆ ಹೇಳೋದು ಕಷ್ಟ. ಒಂದೇ ಕ್ಯಾಮೆರಾ ಆದರೆ ಅರ್ಧ ಪಂದ್ಯ ರೆಫ್ರಿ ಬೆನ್ನೇ ಕಾಣುತ್ತದೆ, ಎರಡಾದರೂ ಕೇಳಿ.