ಅಪ್ಪ-ಅಮ್ಮನ ಜೊತೆ ಒಂದು ಶನಿವಾರ: ರೈ ಮೊದಲು, ಹೇಸ್ಟಿಂಗ್ಸ್ ಆಮೇಲೆ

ಮೈಸೂರಿಂದ ಅಪ್ಪ-ಅಮ್ಮ ಬಂದಿದ್ದಾರೆ, ಕಾರಿಲ್ಲ, ಅಪ್ಪನಿಗೆ ಇತಿಹಾಸದ ಹುಚ್ಚು, ಅಮ್ಮನಿಗೆ ಸಮುದ್ರ ನೋಡಬೇಕು ಆದರೆ ಮಂಡಿನೋವು, ಲಂಡನ್ನಿಂದ ಒಂದೇ ದಿನದಲ್ಲಿ ಬ್ರೈಟನ್, ಕ್ಯಾಂಟರ್ಬರಿ ಎರಡೂ ಆಗುತ್ತಾ ಅಂತ ಕೇಳಿದ್ದೀರಿ. ಹಠ ಹಿಡಿದರೆ ಆಗುತ್ತೆ, ಅರ್ಧ ದಿನ ರೈಲಲ್ಲೇ ಹೋಗುತ್ತೆ. ಎರಡನ್ನೂ ಬಿಡಿ, ಆಗ್ನೇಯ ಕರಾವಳಿಯ ಊರುಗಳಾದ ರೈ–ಹೇಸ್ಟಿಂಗ್ಸ್ ಸುತ್ತು ಹಾಕಿ. ನಾನು ನಮ್ಮ ಅತ್ತೆ-ಮಾವನನ್ನು ಕರಕೊಂಡು ಹೋಗಿದ್ದೇ ಹೀಗೆ.

ಸೇಂಟ್ ಪ್ಯಾಂಕ್ರಸ್‌ನಲ್ಲಿ ಹೈಸ್ಪೀಡ್ ರೈಲು ಹತ್ತಿದರೆ 40 ನಿಮಿಷದೊಳಗೆ ಆಶ್‌ಫರ್ಡ್. ಅಲ್ಲಿಂದ ಪುಟ್ಟ ಡೀಸೆಲ್ ಗಾಡಿ, ಗಂಟೆಗೊಂದೇ. ಅದು ತಪ್ಪಿದರೆ ಪ್ಲಾಟ್‌ಫಾರ್ಮಿನಲ್ಲೇ ಬುತ್ತಿ ಬಿಚ್ಚಬೇಕಾಗುತ್ತೆ, ಹಾಗಾಗಿ ಸಮಯ ಮೊದಲೇ ನೋಡಿಕೊಳ್ಳಿ. ರೊಮ್ನಿ ಮಾರ್ಷ್ ಅನ್ನೋ ಜೌಗು ಬಯಲಿನ ನಡುವೆ, ಕುರಿಗಳನ್ನು ನೋಡ್ತಾ ನೋಡ್ತಾ ರೈ ಬಂದೇ ಬಿಡುತ್ತೆ.

ಟಿಕೆಟ್ ವಿಷಯದಲ್ಲಿ ನಾನು ಎಡವಿದ್ದೆ. ರೈಗೆ ಹೋಗಿಬರೋ ಟಿಕೆಟ್ ತಗೊಂಡು, ಹೇಸ್ಟಿಂಗ್ಸ್‌ನಿಂದ ವಾಪಸ್ ಬರಲು ಮತ್ತೆ ನಾಲ್ಕು ಟಿಕೆಟ್‌ಗೆ ದುಡ್ಡು ಕೊಟ್ಟೆ. ಕೌಂಟರಲ್ಲಿ ‘ಹೋಗೋದು ರೈ ಮೇಲೆ, ಬರೋದು ಹೇಸ್ಟಿಂಗ್ಸ್‌ನಿಂದ ಚೇರಿಂಗ್ ಕ್ರಾಸ್‌ಗೆ’ ಅಂತ ಬಿಡಿಸಿ ಹೇಳಿ. ಹೈಸ್ಪೀಡ್‌ಗೆ ದರ ಬೇರೆ ಅನ್ನೋದೂ ನೆನಪಿರಲಿ. 60 ದಾಟಿದವರಿಗೆ ಸೀನಿಯರ್ ರೈಲ್‌ಕಾರ್ಡ್ ಸಿಗುತ್ತೆ, ವಯಸ್ಸಿಗೆ ಪಾಸ್‌ಪೋರ್ಟ್ ತೋರಿಸಿದರೆ ಸಾಕು. ದರದಲ್ಲಿ ಮೂರನೇ ಒಂದು ಭಾಗ ಕಡಿತ. ನಾಲ್ಕೈದು ಸಲ ಓಡಾಡಿದರೆ ಹಾಕಿದ ದುಡ್ಡು ಬಂತು. ಭಾನುವಾರ ಬೇಡ, ಹಳಿ ರಿಪೇರಿ ಅಂತ ರೈಲಿನ ಬದಲು ಬಸ್ಸಿಗೆ ಹತ್ತಿಸೋದು ಜಾಸ್ತಿ.

ರೈ ಒಂದು ಕಾಲಕ್ಕೆ ಬಂದರು ಪಟ್ಟಣ. ಸಮುದ್ರ ಹಿಂದೆ ಸರಿದು ಈಗ ಸುಮಾರು ಎರಡು ಮೈಲಿ ದೂರ. 1377ರಲ್ಲಿ ಫ್ರೆಂಚರು ಬಂದು ಊರನ್ನೇ ಸುಟ್ಟರು. ಎಲ್ಲರೂ ಫೋಟೊ ಹಾಕೋ ಮರ್ಮೇಡ್ ಸ್ಟ್ರೀಟ್ ಪೂರ್ತಿ ಉರುಟುಕಲ್ಲಿನ ಏರು. ಅಮ್ಮನನ್ನು ಕೆಳಗಿಂದ ಹತ್ತಿಸಬೇಡಿ. ಹೈ ಸ್ಟ್ರೀಟಿನಿಂದ ಲಯನ್ ಸ್ಟ್ರೀಟಿಗೆ ತಿರುಗಿದರೆ ನೇರ ಚರ್ಚ್ ಮುಂದೆ ಹೋಗ್ತೀರಿ, ಅಲ್ಲಿಂದ ಆ ಬೀದಿಯ ಮೇಲ್ತುದಿಗೆ ಬಂದು ನಿಂತು ನೋಡಲಿ. ಅಪ್ಪ ಬೇಕಾದರೆ ಇಳಿದು ಮರ್ಮೇಡ್ ಇನ್ ಹೋಟೆಲಿನ ಬಾಗಿಲ ಫಲಕ ಓದಿ ಬರಲಿ: ‘1420ರಲ್ಲಿ ಮರುನಿರ್ಮಾಣ’ ಅಂತಿದೆ. ನಮ್ಮ ಮಾವ ಅದರ ಮುಂದೆ ಹತ್ತು ನಿಮಿಷ ನಿಂತಿದ್ದರು, ‘ವಿಜಯನಗರದ ಕಾಲದ್ದು ಕಣಯ್ಯ, ಇನ್ನೂ ಊಟ ಹಾಕ್ತಿದ್ದಾರಲ್ಲ’ ಅಂತ. ಚರ್ಚಿನ ಗಡಿಯಾರದ ಲೋಲಕ ಒಳಗೆ, ಜನರ ತಲೆ ಮೇಲೇ ತೂಗಾಡುತ್ತೆ. ಹೊರಗಿನ ಬೊಂಬೆ ಹುಡುಗರು ಕಾಲುಗಂಟೆಗಳನ್ನು ಮಾತ್ರ ಬಾರಿಸ್ತಾರೆ, ಪೂರ್ತಿ ಗಂಟೆಗೆ ಕಾಯ್ತಾ ನಿಲ್ಲಬೇಡಿ. ಗೋಪುರದ ಮೆಟ್ಟಿಲು ತೀರಾ ಇಕ್ಕಟ್ಟು, ಅಮ್ಮ ಕೆಳಗೇ ಕೂರಲಿ.

ಒಂದು ಗಂಟೆ ಹೊತ್ತಿಗೆ ಮತ್ತೆ ಅದೇ ಪುಟ್ಟ ರೈಲು, ಹೇಸ್ಟಿಂಗ್ಸ್‌ಗೆ ಇಪ್ಪತ್ತು ನಿಮಿಷ. ಸ್ಟೇಷನ್ನಿನಿಂದ ಓಲ್ಡ್ ಟೌನ್ ಒಂದು ಮೈಲಿ ಆಗುತ್ತೆ. ದಾರಿ ಸಮತಟ್ಟಾದರೂ ಅಮ್ಮನಿಗೆ ಬಸ್ಸೇ ಸರಿ. ಮಲ್ಪೆ, ಮುರುಡೇಶ್ವರ ನೋಡಿದವರಿಗೆ ಮೊದಲು ನಿರಾಸೆ ಆಗುತ್ತೆ. ಮರಳಿಗಿಂತ ಉರುಟುಕಲ್ಲೇ ಜಾಸ್ತಿ, ಕಾಲಿಟ್ಟರೆ ಜಾರುತ್ತೆ. ಚಪ್ಪಲಿ ಬೇಡ, ಶೂ ಹಾಕಿಸಿ, ದಂಡೆಯ ಬೆಂಚಲ್ಲಿ ಕೂರಿಸಿ. ಮರಳೇ ಬೇಕಂದರೆ ರೈಯಿಂದ ಕ್ಯಾಂಬರ್ ಸ್ಯಾಂಡ್ಸ್‌ಗೆ ಬಸ್ಸಿದೆ, ಆಗ ಹೇಸ್ಟಿಂಗ್ಸ್ ಕೈಬಿಡಬೇಕು.

ಆದರೆ ಇಲ್ಲಿನ ಮೀನುಗಾರಿಕೆ ನೋಡುವಂಥದ್ದು. ಬಂದರಿಲ್ಲ, ದೋಣಿಗಳನ್ನು ಕಲ್ಲಿನ ದಂಡೆ ಮೇಲೇ ಎಳೆದು ನಿಲ್ಲಿಸ್ತಾರೆ. ಪಕ್ಕದಲ್ಲಿ ಕಪ್ಪು ಬಳಿದ ಮರದ ಗೂಡುಗಳು, ಬೀರು ನಿಲ್ಲಿಸಿದ ಹಾಗೆ ಎತ್ತರಕ್ಕೆ. ಜಾಗ ಸಾಲದೆ ಬಲೆ ಇಡೋಕೆ ಮೇಲಕ್ಕೆ ಕಟ್ಟಿದ್ದು. ಹಳೇ ಚರ್ಚೊಂದರೊಳಗೆ ಮೀನುಗಾರರ ಮ್ಯೂಸಿಯಂ ಇದೆ, ನಡುಮನೆಯಲ್ಲೇ ಒಂದು ಇಡೀ ದೋಣಿ ನಿಂತಿದೆ.

ನಾರ್ಮನ್ನರು ಇಂಗ್ಲೆಂಡಿನ ದೊರೆಯನ್ನು ಸೋಲಿಸಿದ 1066ರ ಕದನ ಎಲ್ಲಿ ಅಂತ ಅಪ್ಪ ಕೇಳೇ ಕೇಳ್ತಾರೆ. ಹೆಸರು ಹೇಸ್ಟಿಂಗ್ಸ್ ಕದನ, ನಡೆದದ್ದು ಒಳನಾಡಿನ ಬ್ಯಾಟಲ್ ಊರಲ್ಲಿ. ವಾಪಸ್ ಬರೋ ರೈಲು ಅಲ್ಲೂ ನಿಲ್ಲುತ್ತೆ. ಅದೇ ದಿನ ಇಳಿಯಬೇಡಿ, ಕದನದ ಬಯಲು ಇಳಿಜಾರು, ಸಂಜೆ ಬೇಗ ಬಾಗಿಲು ಹಾಕ್ತಾರೆ.

ಊಟ: ಸಸ್ಯಾಹಾರಿಗಳಾದರೆ ಚಿಪ್ಸ್ ತಗೊಳ್ಳೋ ಮುಂಚೆ ಯಾವುದರಲ್ಲಿ ಕರಿದಿದ್ದು ಅಂತ ಕೇಳಿ. ಕೆಲವು ಕಡೆ ದನದ ಕೊಬ್ಬಲ್ಲಿ ಕರೀತಾರೆ, ಎಣ್ಣೆಯಾದರೂ ಮೀನು ಬೆಂದಿದ್ದೇ ಇರಬಹುದು. ಪುಳಿಯೋಗರೆ ಕಟ್ಟಿಕೊಳ್ಳಿ. ಬಯಲಲ್ಲಿ ಡಬ್ಬಿ ತೆಗೆಯೋವಾಗ ಹುಷಾರು, ನಮ್ಮತ್ತೆ ಕೈಲಿದ್ದ ಚಪಾತಿಯನ್ನು ಕಡಲಹಕ್ಕಿ ಹಿಂದಿನಿಂದ ಬಂದು ಕಿತ್ತುಕೊಂಡು ಹೋಯ್ತು.

ಬ್ರೈಟನ್ನಿಗೆ ಇನ್ನೊಂದು ದಿನ ಇಡಿ, ಅರಮನೆಗೋಸ್ಕರವೇ. ಗುಮ್ಮಟ ನೋಡಿದರೆ ನಮ್ಮ ಕಡೆಯದು ಅನ್ನಿಸೋ ರಾಯಲ್ ಪೆವಿಲಿಯನ್, ಮೊದಲ ಮಹಾಯುದ್ಧದಲ್ಲಿ ಗಾಯಗೊಂಡ ಭಾರತೀಯ ಸೈನಿಕರ ಆಸ್ಪತ್ರೆಯಾಗಿತ್ತು. ಹಿಂದೂ, ಮುಸ್ಲಿಮರಿಗೆ ನೀರಿನ ನಲ್ಲಿಯೂ ಬೇರೆ ಬೇರೆ ಇಟ್ಟಿದ್ದರು. ತೀರಿಕೊಂಡ 53 ಹಿಂದೂ, ಸಿಖ್ ಸೈನಿಕರನ್ನು ದಹನ ಮಾಡಿದ ಗುಡ್ಡದ ಮೇಲೆ 1921ರಲ್ಲಿ ಬಿಳಿ ಅಮೃತಶಿಲೆಯ ‘ಛತ್ರಿ’ ಅನ್ನೋ ಗುಮ್ಮಟದ ಸ್ಮಾರಕ ಕಟ್ಟಿದ್ದಾರೆ. ಅಲ್ಲಿಗೆ ಬಯಲಲ್ಲಿ ನಡೆದೇ ಹೋಗಬೇಕು. ಅಮ್ಮನನ್ನು ಅರಮನೆ ತೋಟದಲ್ಲಿ ಕೂರಿಸಿ, ಅವರ ಜೊತೆ ಯಾರಾದರೂ ಇರಿ. ಅಪ್ಪನನ್ನು ಮಾತ್ರ ಗುಡ್ಡಕ್ಕೆ ಕರಕೊಂಡು ಹೋಗಿ.